ಕತ್ತರಿ ಕೊಟ್ಟವಳು, ಅಂಟನ್ನೂ ಕೊಟ್ಟಳು

ಒಡೆದ ಕಪ್ಪನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂಬುದು ನಮ್ಮತ್ತೆಯವರ ಕಟ್ಟಪ್ಪಣೆಯಾಗಿತ್ತು. ಹಿಡಿ ಮುರಿದರೂ ಸಾಕು, ಅದು ಹಿತ್ತಿಲಿಗೆ ಹೋಗಬೇಕು. ಹಾಗಾಗಿ ಕಳೆದ ತಿಂಗಳು ನಾನು ಒಡೆದ ಪಿಂಗಾಣಿ ಕಪ್ಪಿನ ಚೂರುಗಳನ್ನು ಹಳೆಯ ಪೇಪರಿನ ಮೇಲೆ ಹರಡಿಕೊಂಡು ಊಟದ ಮೇಜಿನ ಮುಂದೆ ಕೂತಾಗ ಮನೆಯವರೆಲ್ಲ ವಿಚಿತ್ರವಾಗಿ ನೋಡಿದರು. ‘ಇದು ಕಲೆ’ ಎಂದೆ. ನಕ್ಕರು. ನಗುವುದು ಸಹಜವೇ. ಆದರೆ ಇದನ್ನು ಕಲೆ ಎಂದವಳು ನಾನಲ್ಲ, ಯೋಕೋ ಓನೋ.

ಓನೋ ಎಂದೊಡನೆ ಹಲವರಿಗೆ ನೆನಪಾಗುವುದು ಬೀಟಲ್ಸ್ ತಂಡದ ಜಾನ್ ಲೆನನ್‌ನ ಹೆಂಡತಿ ಎಂದು. ಅಣ್ಣತಮ್ಮಂದಿರಂತಿದ್ದ ಆ ತಂಡವನ್ನು ಒಡೆದವಳು ಎಂಬ ಅಪವಾದ ಬೇರೆ. ಮನೆ ಒಡೆದರೆ ಸೊಸೆಯೇ ಕಾರಣ ಎಂಬ ಮಾತು ನಮಗೂ ಹೊಸದಲ್ಲವಲ್ಲ! ಆದರೆ 1933ರಲ್ಲಿ ಟೋಕಿಯೋದಲ್ಲಿ ಹುಟ್ಟಿದ ಈಕೆ, 1966ರಲ್ಲಿ ಲೆನನ್‌ನನ್ನು ಕಾಣುವ ಮೊದಲೇ ತನ್ನ ದಾರಿ ಹಿಡಿದಿದ್ದ ಕಲಾವಿದೆ. ಚಿತ್ರ ಬರೆದು ಗೋಡೆಗೆ ತೂಗುಹಾಕುವುದಕ್ಕಿಂತ, ‘ಹೀಗೆ ಮಾಡಿ’ ಎಂದು ಒಂದೆರಡು ಸಾಲಿನ ಸೂಚನೆ ಕೊಟ್ಟು ಉಳಿದದ್ದನ್ನು ನೋಡುವವರ ಕೈಗೆ ಬಿಡುವುದು ಆಕೆಯ ರೀತಿ. ನಮ್ಮ ಅಜ್ಜಿಯರು ಅಡುಗೆ ಹೇಳಿಕೊಡುತ್ತಿದ್ದ ಹಾಗೆ. ಅಂಥ ಸೂಚನೆಗಳ ಪುಸ್ತಕ ‘ಗ್ರೇಪ್‌ಫ್ರೂಟ್’ ಪ್ರಕಟವಾದದ್ದು 1964ರಲ್ಲಿ.

ಅದೇ ವರ್ಷ ಜಪಾನಿನ ಕ್ಯೋಟೋದಲ್ಲಿ ಆಕೆ ಮೊದಲ ಬಾರಿಗೆ ‘ಕಟ್ ಪೀಸ್’ ಪ್ರದರ್ಶಿಸಿದಳು. ವೇದಿಕೆಯ ಮೇಲೆ ಆಕೆ ಸುಮ್ಮನೆ ಕೂತಿರುತ್ತಾಳೆ. ಮುಂದೆ ಒಂದು ಕತ್ತರಿ. ಪ್ರೇಕ್ಷಕರು ಒಬ್ಬೊಬ್ಬರಾಗಿ ಬಂದು ಆಕೆಯ ಉಡುಪಿನ ಒಂದು ತುಂಡನ್ನು ಕತ್ತರಿಸಿ ಕೊಂಡೊಯ್ಯಬಹುದು. 1965ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ರಿಸೈಟಲ್ ಹಾಲ್‌ನಲ್ಲಿ ನಡೆದ ಪ್ರದರ್ಶನವನ್ನು ಮೇಸಲ್ಸ್ ಸೋದರರು ಚಿತ್ರೀಕರಿಸಿದ್ದಾರೆ. ನಾನು ನೋಡಿದ್ದು ಆ ಚಿತ್ರವನ್ನು. ಕೆಲವರು ಸಂಕೋಚದಿಂದ ಒಂದು ಚೂರು ಬಟ್ಟೆ ಕತ್ತರಿಸಿಕೊಂಡು ಹೋಗುತ್ತಾರೆ. ಆಮೇಲೊಬ್ಬ ತರುಣ ಬರುತ್ತಾನೆ. ಅವನಿಗೆ ಅವಸರವೂ ಇಲ್ಲ, ಸಂಕೋಚವೂ ಇಲ್ಲ. ಒಳ ಉಡುಪನ್ನು ಕತ್ತರಿಸುತ್ತ ಹೋಗಿ, ಕೊನೆಗೆ ಬ್ರಾದ ಪಟ್ಟಿಗಳಿಗೂ ಕತ್ತರಿ ಹಾಕುತ್ತಾನೆ. ಆಗ ಆಕೆಯ ಕೈಗಳೆರಡೂ ಎದೆಗೆ ಬರುತ್ತವೆ.

ನನಗೆ ಸಿಟ್ಟು ಬಂತು. ಆ ಹುಡುಗನ ಮೇಲೆ ಎಷ್ಟೋ, ಓನೋಳ ಮೇಲೂ ಅಷ್ಟೇ. ಹೆಣ್ಣು ಸುಮ್ಮನೆ ಕೂತು ಸಹಿಸುವುದನ್ನು ನೋಡಲು ಟಿಕೆಟ್ ಕೊಂಡು ಹೋಗಬೇಕೇ? ಎರಡನೆಯ ಸಲ ನೋಡುವಾಗ ಬೇರೊಂದು ಹೊಳೆಯಿತು. ಕತ್ತರಿ ಇಟ್ಟವಳು ಆಕೆಯೇ, ಕಟ್ಟಳೆಯೂ ಆಕೆಯದೇ. ಹೀಗೆ ಕೂರುವವರು ಹೆಂಗಸೇ ಆಗಿರಬೇಕೆಂದಿಲ್ಲ ಎಂದೂ ಆಕೆ ಬರೆದಿದ್ದಾಳೆ. ತುಂಬಿದ ಬಸ್ಸಿನಲ್ಲಿ ಮೈಗೆ ತಾಕುವ ಕೈ ಯಾರದೆಂದು ಗೊತ್ತಾಗುವುದಿಲ್ಲ. ಇಲ್ಲಿ ಆ ಕೈ ದೀಪದ ಬೆಳಕಿನಲ್ಲಿದೆ, ಮುಖವೂ ಕಾಣುತ್ತದೆ. ಆದರೂ ಅದನ್ನು ತೋರಿಸಲು ಆಕೆ ತನ್ನ ಮೈಯನ್ನೇ ಒಡ್ಡಬೇಕಾಯಿತು ಎಂಬ ನೋವು ನನ್ನಲ್ಲಿ ಉಳಿದೇ ಇದೆ. 2003ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ಆಕೆ ಮತ್ತೆ ಹಾಗೆ ಕೂತಳು, ಶಾಂತಿಗಾಗಿ ಎಂದು. ಕತ್ತರಿಸಿದ ತುಂಡನ್ನು ನಿಮಗೆ ಪ್ರಿಯರಾದವರಿಗೆ ಕಳಿಸಿ ಎಂದು ಈ ಸಲ ಕೇಳಿಕೊಂಡಳು.

ಕತ್ತರಿ ಕೊಟ್ಟವಳು ಅಂಟನ್ನೂ ಕೊಟ್ಟಳು. 1966ರಲ್ಲಿ ಲಂಡನ್ನಿನ ಇಂಡಿಕಾ ಗ್ಯಾಲರಿಯಲ್ಲಿ ಆರಂಭವಾದ ‘ಮೆಂಡ್ ಪೀಸ್’ನಲ್ಲಿ ಒಡೆದ ಕಪ್ಪಿನ ಚೂರುಗಳಿರುತ್ತವೆ, ಅಂಟಿರುತ್ತದೆ. ಬಂದವರು ಕೂತು ಜೋಡಿಸಬೇಕು. ಇದಕ್ಕೆ ಲಂಡನ್ ಏಕೆ ಬೇಕು ಎಂದೇ ನಾನು ಮನೆಯಲ್ಲಿ ಕೂತದ್ದು. ಆಫೀಸಿನಿಂದ ಬಂದ ಸೊಸೆ ಸ್ವಲ್ಪ ಹೊತ್ತು ನೋಡಿ, ‘ಅತ್ತೆ, ಆ ಚೂರು ಈ ಕಡೆಯದು’ ಎಂದು ಎದುರು ಕೂತಳು. ಅಂಟು ಹಿಡಿಯುವವರೆಗೆ ಚೂರನ್ನು ಅದುಮಿಕೊಂಡಿರಬೇಕು. ಕೈ ಬಿಡುವಂತಿಲ್ಲ, ಎದ್ದು ಹೋಗುವಂತಿಲ್ಲ. ಆ ಹೊತ್ತಿನಲ್ಲಿ ಆಡಿದಷ್ಟು ಮಾತನ್ನು ನಾವಿಬ್ಬರೂ ವಾರವೆಲ್ಲ ಆಡಿರಲಿಲ್ಲ. ಒಂದು ಚೂರು ಮಾತ್ರ ಸಿಗಲೇ ಇಲ್ಲ.

1996ರಿಂದ ಆಕೆ ಊರೂರಿನಲ್ಲಿ ನಿಲ್ಲಿಸುತ್ತ ಬಂದ ‘ವಿಶ್ ಟ್ರೀ’ಯಲ್ಲೂ ಇದೇ ಗುಣವಿದೆ. ಮನಸ್ಸಿನ ಬಯಕೆಯನ್ನು ಚೀಟಿಯಲ್ಲಿ ಬರೆದು ಗಿಡಕ್ಕೆ ಕಟ್ಟುವುದು, ಅಷ್ಟೇ. ಜಪಾನಿನ ದೇವಾಲಯಗಳಲ್ಲಿ ಚಿಕ್ಕಂದಿನಲ್ಲಿ ಕಟ್ಟುತ್ತಿದ್ದ ಚೀಟಿಗಳ ನೆನಪಿನಿಂದ ಹುಟ್ಟಿದ ಕೃತಿ ಅದು. ಬರೆಯುವ ಕೈ ಇಲ್ಲದಿದ್ದರೆ ಅದು ಬರೀ ಗಿಡ.

ಆದ್ದರಿಂದಲೇ 2015ರಲ್ಲಿ ಇಟಲಿಯ ಒಂದು ಕಾಫಿ ಕಂಪನಿಗಾಗಿ ಆಕೆ ವಿನ್ಯಾಸ ಮಾಡಿದ ಕಪ್ಪುಗಳು ನನಗೆ ಒಪ್ಪಿಗೆಯಾಗಲಿಲ್ಲ. ಒಡೆದ ಪಾತ್ರೆಯನ್ನು ಅರಗು, ಚಿನ್ನದ ಪುಡಿಯಿಂದ ಬೆಸೆಯುವ ಜಪಾನಿನ ಪದ್ಧತಿಯನ್ನು ನೆನಪಿಸುವ ಚಿನ್ನದ ಬಣ್ಣದ ಬಿರುಕುಗಳು ಆರು ಕಪ್ಪುಗಳ ಮೇಲಿವೆ. ಒಂದೊಂದರಲ್ಲೂ ಒಂದೊಂದು ದುರಂತದ ನೆನಪು. ಏಳನೆಯದು ಒಡೆಯದ ಕಪ್ಪು. ನೋಡಲು ಚೆಂದವೇ, ಆಲೋಚನೆಯೂ ದೊಡ್ಡದೇ. ಆದರೆ ಈ ಕಪ್ಪು ಒಡೆದೇ ಇರಲಿಲ್ಲ, ಬಿರುಕು ಬರೀ ಬಣ್ಣ. ಕೊಂಡವರಿಗೆ ಮಾಡಲು ಉಳಿದದ್ದೇನು? ಕಾಫಿ ಕುಡಿಯುವುದು. ಅಷ್ಟು ವರ್ಷ ನಮ್ಮ ಕೈಗಳನ್ನು ನಂಬಿದವಳು ಇಲ್ಲಿ ನಮಗಾಗಿ ತಾನೇ ಎಲ್ಲವನ್ನೂ ಮಾಡಿ ಮುಗಿಸಿಬಿಟ್ಟಿದ್ದಾಳೆ.

ನಮ್ಮ ಕಪ್ಪು ಈಗ ಅಡುಗೆಮನೆಯ ಗೂಡಿನಲ್ಲಿದೆ. ಅದರಲ್ಲಿ ಕಾಫಿ ನಿಲ್ಲುವುದಿಲ್ಲ. ನಮ್ಮತ್ತೆಯವರು ಇದ್ದಿದ್ದರೆ ಅದನ್ನು ಹಿತ್ತಿಲಿಗೆ ಎಸೆಯುತ್ತಿದ್ದರೋ, ಎದುರು ಕೂತು ಒಂದು ಚೂರು ಹಿಡಿದುಕೊಳ್ಳುತ್ತಿದ್ದರೋ, ಹೇಳಲಾರೆ.