ಲಾವಣಿಯ ಪಲ್ಲವಿಯೂ ಕಲಿಕೆಯ ಕ್ರಮವೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯ ಲಾವಣಿ, ಗೀಗೀ ಪದಗಳಲ್ಲಿ ಪುನರುಕ್ತಿಯು ಹೆಚ್ಚೆಂದು ದೋಷವೆಣಿಸುವುದುಂಟು. ಓದುವ ಕಾವ್ಯದ ಅಳತೆಯಿಂದ ಈ ಆಕ್ಷೇಪವು ಸಯುಕ್ತಿಕವಾಗಿ ತೋರಬಹುದು. ಆದರೆ ಆ ಅಳತೆಯನ್ನು ಕೇಳಿ ಕಲಿಯುವ ಕೃತಿಗೆ ಹಚ್ಚುವುದು ಸಾಧುವಲ್ಲ.

1824ರ ಕಿತ್ತೂರಿನ ಕದನ, 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸಾಹಸ, ಬೈಲಹೊಂಗಲದ ಸಂಗ್ಯಾ-ಬಾಳ್ಯರ ವೃತ್ತಾಂತ, ಇವುಗಳ ಹಾಡುಗಳು ಅಚ್ಚಿಗೆ ಬರುವ ಮೊದಲು ಕಂಠದಲ್ಲಿಯೇ ಉಳಿದವು. ಮುಖ್ಯ ಗಾಯಕನು ನುಡಿಯನ್ನು ಮುಗಿಸಿದೊಡನೆ ಹಿಮ್ಮೇಳದವರು ಪಲ್ಲವಿಯನ್ನೆತ್ತಿಕೊಳ್ಳುವರು. ಆ ಬಿಡುವಿನಲ್ಲಿ ಗಾಯಕನು ಮುಂದಿನ ನುಡಿಯನ್ನು ನೆನಪಿಗೆ ತಂದುಕೊಳ್ಳಬಲ್ಲನು. ಪ್ರಾಸವು ಅದರ ಸುಳಿವನ್ನೀಯುವುದು. ಹೊಸಬನಿಗೂ ಪಲ್ಲವಿಯೇ ಮೊದಲ ಮೆಟ್ಟಿಲು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಪಲ್ಲವಿಯು ಮರಳಿ ಬರುವುದು, ನುಡಿಯು ಮರಳಿ ಬಾರದು. ಅದನ್ನು ನೋಡದೆಯೇ ಸ್ಮರಿಸಬೇಕು. ಓದಿದುದನ್ನೇ ಮತ್ತೆ ಓದುವುದಕ್ಕಿಂತ ಪುಸ್ತಕವನ್ನು ಮುಚ್ಚಿ ಸ್ಮರಿಸಿದರೆ, ವಾರ ಕಳೆದ ಮೇಲೆ ಹೆಚ್ಚು ನೆನಪುಳಿಯುವುದೆಂದು ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ತೋರಿಸಿದರು. ಅವರ ಪ್ರಯೋಗವು ಗದ್ಯಭಾಗಗಳ ಮೇಲೆ ನಡೆದುದಾದರೂ ಅದರ ತತ್ತ್ವವು ಹಾಡುಗಾರರ ಪದ್ಧತಿಗೆ ದೂರವಲ್ಲ.

ಆದುದರಿಂದ ಪಲ್ಲವಿಯನ್ನು ಒಮ್ಮೆ ಮಾತ್ರ ಅಚ್ಚಿಸಿ, ಅದು ಮರಳುವ ಎಡೆಯನ್ನು ಗುರುತಿಸದೆ ಬಿಡುವ ಸಂಪಾದಕರು ಕಾಗದವನ್ನು ಉಳಿಸಿ ಪದದ ಕೀಲನ್ನೇ ಕಳೆಯುವರು. ಲಾವಣಿಯನ್ನು ಮೌನವಾಗಿ ಓದಿಸಿ ಅರ್ಥ ಬರೆಯಿಸುವ ಪಾಠಕ್ರಮದಲ್ಲಿಯೂ ಇದೇ ನಷ್ಟವಿದೆ. ನುಡಿಯನ್ನು ಒಬ್ಬ ವಿದ್ಯಾರ್ಥಿಯು ನೆನೆದು ಹೇಳಿ, ಪಲ್ಲವಿಯನ್ನು ಉಳಿದವರು ಹಾಡಿದಲ್ಲಿ, ಪದವು ಬೇಗ ಬಾಯಿಗೆ ಬರುವುದಲ್ಲದೆ ಅದರ ರಚನೆಯ ಔಚಿತ್ಯವೂ ತಾನಾಗಿ ವಿಶದವಾಗುವುದು.