ಸಂಪಾದಕರ ಹೆಸರು ಉಳಿಯಿತು, ಉಳಿದವರದ್ದು?

ಕಲ್ಯಾಣದಲ್ಲಿ ಬಂಧುವೊಬ್ಬರು ಮನೆ ಖಾಲಿ ಮಾಡುವಾಗ ಮಂಚದ ಕೆಳಗಿನ ಟ್ರಂಕಿನಲ್ಲಿ 'ಸನ್ಮಾರ್ಗ' ವಾರಪತ್ರಿಕೆಯ ಹಳೆಯ ಸಂಚಿಕೆಗಳ ಕಟ್ಟು ಸಿಕ್ಕಿತು. ಆ ಮನೆಯ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಶಾಲೆಯಲ್ಲಿ ಇಂಗ್ಲಿಷು ಮರಾಠಿ, ಮದ್ರಸದಲ್ಲಿ ಉರ್ದು. "ರದ್ದಿಗೆ ಹಾಕೋಣ್ವಾ ಮಾಮಾ?" ಅಂತ ಕೇಳಿದ ಹುಡುಗ, ಆಮೇಲೆ ಪುಟ ತಿರುವುತ್ತಾ ಇನ್ನೊಂದು ಪ್ರಶ್ನೆ ಹಾಕಿದ. "ಇದನ್ನೆಲ್ಲ ಯಾರು ಬರೀತಿದ್ರು?" ಸಂಪಾದಕರ ಹೆಸರು ಹೇಳಿದೆ. "ಇಷ್ಟೂ ಪುಟ ಅವರೊಬ್ರೇನಾ?"

ಉತ್ತರ ನನ್ನ ಬಳಿ ಇರಲಿಲ್ಲ. ನಮ್ಮ ಪತ್ರಿಕಾ ಚರಿತ್ರೆಯ ಬಳಿಯೂ ಇಲ್ಲ. ನನ್ನ ತಕರಾರು ಇರುವುದು ಇಲ್ಲೇ.

1978ರಲ್ಲಿ ಮಂಗಳೂರಿನಲ್ಲಿ 'ಸನ್ಮಾರ್ಗ' ಹುಟ್ಟಿತು. ಅದರ ಹಿಂದಿದ್ದದ್ದು ಜಮಾಅತೆ ಇಸ್ಲಾಮೀ ಹಿಂದ್‌ನ ವಿಚಾರಧಾರೆ. ತುರ್ತು ಪರಿಸ್ಥಿತಿಯಲ್ಲಿ ಆ ಸಂಘಟನೆಯ ಮೇಲೆ ಬಿದ್ದ ನಿಷೇಧ 1977ರಲ್ಲಷ್ಟೇ ತೆರವಾಗಿತ್ತು. ಸ್ಥಾಪಕ ಸಂಪಾದಕರಾಗಿ ಇಬ್ರಾಹೀಮ್ ಸಈದ್ ಅವರ ಹೆಸರನ್ನು ನಾವೆಲ್ಲ ಗೌರವದಿಂದ ನೆನೆಯುತ್ತೇವೆ. ನೆನೆಯಲೇಬೇಕು. ಆದರೆ ಪತ್ರಿಕೆಯ ಚರಿತ್ರೆ ಅಂದ ಕೂಡಲೇ ನಾವು ಬರೆಯುವುದು ಆರಂಭದ ವರ್ಷ, ಸಂಪಾದಕರ ಜೀವನ, ವಿಶೇಷಾಂಕಗಳ ಹೊಗಳಿಕೆ. ಅಷ್ಟಕ್ಕೆ ಮುಗಿಯಿತು. ಅನುವಾದ ಮಾಡಿದವರು, ಕರಡು ತಿದ್ದಿದವರು, ಮೊಳೆ ಜೋಡಿಸಿದವರು, ವಿಳಾಸ ಬರೆದು ಅಂಚೆಗೆ ಹಾಕಿದವರು ಚರಿತ್ರೆಯೊಳಗೆ ಬರುವುದೇ ಇಲ್ಲ.

ಇದು ಮುಸ್ಲಿಂ ಪತ್ರಿಕೆಗಳಿಗೆ ಮಾತ್ರ ಅಂಟಿದ ರೋಗವಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಅದೇ ಊರಲ್ಲಿ ಕಲ್ಲಚ್ಚಿನಲ್ಲಿ ಹೊರಬಂತು. ಅದೂ ಒಂದು ಧರ್ಮಸಂಸ್ಥೆಯ, ಬಾಸೆಲ್ ಮಿಷನ್‌ನ ಆಸರೆಯಲ್ಲಿ. ಸಂಪಾದಕ ಹರ್ಮನ್ ಮೋಗ್ಲಿಂಗ್ ಪಠ್ಯಪುಸ್ತಕದಲ್ಲಿದ್ದಾರೆ. ಆ ಕಲ್ಲಿಗೆ ಮಸಿ ಹಚ್ಚಿದವರನ್ನು ಪತ್ರಿಕಾ ದಿನಾಚರಣೆಯ ಯಾವ ಭಾಷಣವೂ ನೆನೆಯುವುದಿಲ್ಲ.

ಸಿಬ್ಬಂದಿಯ ಹೆಸರು ಸಿಕ್ಕರೆ ಏನು ಲಾಭ ಅಂತ ಕೇಳಬಹುದು. ನನ್ನ ಮಟ್ಟಿಗೆ ಇದು ಬರೀ ಕೃತಜ್ಞತೆಯ ವಿಷಯವಲ್ಲ, ಸಾಹಿತ್ಯ ವಿಮರ್ಶೆಯ ವಿಷಯ. ಕರಾವಳಿಯ ಬ್ಯಾರಿ ಮುಸ್ಲಿಮರಿಗೆ ದೀನ್ ಬಂದದ್ದು ಬಹಳ ಕಾಲ ಅರಬಿ ಮಲಯಾಳದಲ್ಲಿ, ಉಳಿದ ಕಡೆಯ ಬಹುಪಾಲು ಮುಸ್ಲಿಮರಿಗೆ ಉರ್ದುವಿನಲ್ಲಿ. ಕನ್ನಡ ಎಂದರೆ ಶಾಲೆಯ, ಕಚೇರಿಯ, ಪೇಟೆಯ ಮಾತು. ಆ ಕನ್ನಡದಲ್ಲಿ ಪ್ರತಿ ವಾರ ಧರ್ಮದ ಬಗ್ಗೆ ಬರೆಯಬೇಕಾದರೆ ಪ್ರತಿ ವಾಕ್ಯದಲ್ಲೂ ಒಂದು ತೀರ್ಮಾನ ಬೇಕು. ಯಾವ ಪದ ಅನುವಾದಿಸುವುದು, ಯಾವುದನ್ನು ಹಾಗೇ ಬಿಡುವುದು?

ಪತ್ರಿಕೆಯ ಹೆಸರನ್ನೇ ನೋಡಿ. ನಾವು ಪ್ರತಿ ನಮಾಝಿನಲ್ಲೂ ಬೇಡುವ ನೇರ ದಾರಿಯನ್ನು ನೆನಪಿಸುವ ಶುದ್ಧ ಸಂಸ್ಕೃತ ಪದ. ಮಲಯಾಳದ 'ಪ್ರಬೋಧನಂ', ಮರಾಠಿಯ 'ಶೋಧನ್' ಹೆಸರುಗಳೂ ಇದೇ ಜಾಡಿನವು. ಒಳಪುಟಗಳಲ್ಲಿ ಮೂಮಿನ್ 'ಸತ್ಯವಿಶ್ವಾಸಿ' ಆದ, ಆಖಿರತ್ 'ಪರಲೋಕ' ಆಯಿತು. ನಬಿಗೆ ಬಳಸಿದ 'ಪ್ರವಾದಿ' ಕನ್ನಡ ಬೈಬಲಿನಲ್ಲಿ ಮೊದಲೇ ಇದ್ದ ಪದ. ಅಂದರೆ ಮಿಷನರಿಗಳ ಕನ್ನಡವೂ ನಮ್ಮ ಕನ್ನಡದೊಳಗೆ ಸೇರಿದೆ. ಝಕಾತ್, ಹಜ್ಜ್ ಮಾತ್ರ ಹಾಗೇ ಉಳಿದವು. ತಕ್ವಾವನ್ನು 'ದೇವಭಯ' ಎಂದಾಗ ಭಯ ಉಳಿಯಿತು, ತನ್ನನ್ನು ತಾನು ಕಾಪಾಡಿಕೊಳ್ಳುವುದು ಎಂಬ ಮೂಲದ ಅರ್ಥ ಜಾರಿತು. ಇಂದು ನಮ್ಮ ಶುಕ್ರವಾರದ ಕನ್ನಡ ಪ್ರವಚನಗಳಲ್ಲಿ ಇವೇ ಪದಗಳು ಓಡಾಡುತ್ತವೆ. ಇವನ್ನು ಚಲಾವಣೆಗೆ ತಂದವರಲ್ಲಿ ಕರಡಿನ ಮೇಜಿನವರ ಪಾಲು ದೊಡ್ಡದು. ಅಲ್ಲಿ ಏನು ಚರ್ಚೆಯಾಯಿತು, ಯಾರು ಒಪ್ಪಲಿಲ್ಲ ಎಂಬುದು ಗೊತ್ತಿಲ್ಲದೆ ಮುಸ್ಲಿಂ ಕನ್ನಡದ ಚರಿತ್ರೆ ಬರೆಯುವುದು ಹೇಗೆ?

ಇನ್ನೊಂದು ಮಾತನ್ನೂ ಹೇಳಬೇಕು, ಬೇಸರ ಬೇಡ. ಸಂಘಟನೆಯ ನೆರಳು ಪತ್ರಿಕೆಗೆ ನಿಷ್ಠೆಯ ದುಡಿಮೆಗಾರರನ್ನು ಕೊಟ್ಟಿತು, ಜೊತೆಗೆ ಬೇಲಿಯನ್ನೂ ಹಾಕಿತು. ಅದೇ ಹೊತ್ತಿಗೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಬಂದದ್ದು 'ಲಂಕೇಶ್ ಪತ್ರಿಕೆ'ಯಲ್ಲಿ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ವರದಿಗಾರ್ತಿಯಾಗಿ ದುಡಿದದ್ದೂ ಅಲ್ಲೇ. ಮುಸ್ಲಿಂ ಹೆಣ್ಣಿನ ಸಿಟ್ಟು ಜಾತ್ಯತೀತ ಪತ್ರಿಕೆಯಲ್ಲಿ, ಉಪದೇಶ ಧಾರ್ಮಿಕ ಪತ್ರಿಕೆಯಲ್ಲಿ ಎಂಬ ಹಂಚಿಕೆ ನಮಗೆ ಒಳ್ಳೆಯದು ಮಾಡಲಿಲ್ಲ. ಆಮೇಲೆ ಮಂಗಳೂರಿನಿಂದಲೇ ಬಂದ ಮಹಿಳಾ ಮಾಸಿಕ 'ಅನುಪಮ'ದಲ್ಲಿ ಹೆಣ್ಮಕ್ಕಳೇ ಸಂಪಾದನೆಗೆ ಕೂತರು. ಉರ್ದುವಿನಲ್ಲಿ ಇದು 1898ರಲ್ಲೇ ಆಗಿತ್ತು. ಲಾಹೋರಿನ 'ತಹ್ಝೀಬೆ ನಿಸ್ವಾನ್'ಗೆ ಸಂಪಾದಕಿ ಮುಹಮ್ಮದೀ ಬೇಗಂ. ನಾವು ನೂರು ವರ್ಷ ತಡ.

ಇದನ್ನೆಲ್ಲ ಕಲ್ಯಾಣ, ಮುಂಬ್ರಾ, ಡೊಂಬಿವಲಿ, ನವಿ ಮುಂಬಯಿಯಲ್ಲಿ ಕೂತು ಯಾಕೆ ಬರೆಯಬೇಕು? ಯಾಕೆಂದರೆ ಊರಿಂದ ದೂರ ಬಂದವರೇ ಹಳೆಯ ಸಂಚಿಕೆಗಳನ್ನು ಜತನದಿಂದ ಕಟ್ಟಿಟ್ಟಿದ್ದಾರೆ. ಊರಲ್ಲಿ ಓದಿ ಬಿಸಾಡಿದ್ದು ಇಲ್ಲಿ ಟ್ರಂಕಿನಲ್ಲಿದೆ. ಚಂದಾ ಕೂಡಿಸಿದವರು, ರಜೆಯಲ್ಲಿ ಊರಿಗೆ ಹೋಗಿ ಬರುವಾಗ ಚೀಲದಲ್ಲಿ ಪ್ರತಿ ಹೊತ್ತು ತಂದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರೂ ಪತ್ರಿಕೆಯ ಸಿಬ್ಬಂದಿಯೇ, ಸಂಬಳವಿಲ್ಲದವರು.

ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ. ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ಸಂಪಾದಕೀಯಗಳನ್ನು ಬಿಟ್ಟು ಮೊದಲು ಕೊನೆಯ ಪುಟದ ಕೆಳಗಿನ ಸಣ್ಣಕ್ಷರ ಓದಿ. ಮುದ್ರಕರು ಯಾರು, ಪ್ರಕಾಶಕರು ಯಾರು, ಅಚ್ಚಾದದ್ದು ಎಲ್ಲಿ ಅಂತ ಅಲ್ಲಿರುತ್ತದೆ. ಅಲ್ಲಿಂದ ಶುರು ಮಾಡಿ, ಬದುಕಿರುವವರ ಹತ್ತಿರ ಹೋಗಿ ಕೂತು ಕೇಳಿ, ಫೋನಿನಲ್ಲಿ ದನಿ ಹಿಡಿದಿಡಿ.

ಆ ಕಟ್ಟು ಈಗ ನನ್ನ ಮನೆಯಲ್ಲಿದೆ. ಹುಡುಗನಿಗೆ ಕೊಡಬೇಕಾದ ಉತ್ತರ ಇನ್ನೂ ಬಾಕಿ.