ಚಿತ್ರದ ಕೆಳಗಿನ ಹೆಸರು

ಪ್ರವಾಸಕ್ಕೆ ಹೋದವರು ಫೋಟೊ ತೆಗೆಯುವುದು ಹೊಸದೇನಲ್ಲ. ಫೋಟೊ ತೆಗೆಯುವುದನ್ನು ಕಲಿಯಲೆಂದೇ ಪ್ರವಾಸ ಹೋಗುವುದು ಮಾತ್ರ ನಮ್ಮ ಕಡೆಗೆ ಹೊಸದು. ದೂರದ ನಗರದವರೊಬ್ಬರು ಇಂಥದೊಂದು ಶಿಬಿರ ಏರ್ಪಡಿಸಿದ್ದರು. ಮೂರು ದಿನ, ಸಿಂಧನೂರಿನಿಂದ ಮಸ್ಕಿ, ಅಲ್ಲಿಂದ ಲಿಂಗಸುಗೂರು, ಮುದಗಲ್ಲು. ಕರಪತ್ರದಲ್ಲಿ 'ಉತ್ತರದ ನಿರ್ಜನ ಬೆಟ್ಟಗಳಲ್ಲಿ' ಎಂದು ದಪ್ಪ ಅಕ್ಷರದಲ್ಲಿತ್ತು. ಹುಟ್ಟಿದ್ದೂ ಬೆಳೆದದ್ದೂ ಸಿಂಧನೂರಿನಲ್ಲೇ ಆದ ನನಗೆ ಆ 'ನಿರ್ಜನ' ಎಂಬ ಮಾತು ಓದಿ ನಗು ಬಂತು. ಆದರೂ ಹಣ ಕಟ್ಟಿ ಹೋದೆ. ಹನ್ನೆರಡು ಜನರಲ್ಲಿ ನಾವು ನಾಲ್ವರು ಹೆಂಗಸರು. ಅಲ್ಲಿ ಕಲಿತದ್ದನ್ನೂ, ಕಲಿಸದೆ ಬಿಟ್ಟದ್ದನ್ನೂ ತೂಗಿ ನೋಡಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದನ್ನು ಹೇಳಬೇಕು. ನಮ್ಮ ಗುರುಗಳಿಗೆ ಬೆಳಕು ಗೊತ್ತಿತ್ತು. ಕಲ್ಲಿನಲ್ಲಿ ಕೆತ್ತಿದ್ದನ್ನು ನೆತ್ತಿಯ ಬಿಸಿಲಿನಲ್ಲಿ ತೆಗೆದರೆ ಎಲ್ಲ ಚಪ್ಪಟೆಯಾಗುತ್ತದೆ; ಬೆಳಕು ಓರೆಯಾಗಿ ಬಿದ್ದಾಗ ಒಂದೊಂದು ಗೆರೆಯ ಅಂಚಿಗೂ ನೆರಳು ಬಂದು ಅಕ್ಷರ ಎದ್ದು ನಿಲ್ಲುತ್ತದೆ. ಬಿಸಿಲು ತಲುಪದ ಕಡೆ ಒಂದು ಬಿಳಿ ಬಟ್ಟೆಯನ್ನೋ ತಿಕ್ಕಿದ ಸ್ಟೀಲ್ ತಟ್ಟೆಯನ್ನೋ ಹಿಡಿದು ಬೆಳಕನ್ನು ಓರೆಯಾಗಿ ತಿರುಗಿಸಬಹುದು. ಮನೆಯ ತಟ್ಟೆಗೆ ಇಂಥದೊಂದು ಕೆಲಸವಿದೆ ಎಂದು ತಿಳಿದು ನಾವು ನಾಲ್ವರೂ ಹಿಗ್ಗಿದೆವು.

ಎರಡನೆಯದು ಕಾಯುವುದು. ಸಂಡೂರಿನ ಎಂ. ವೈ. ಘೋರ್ಪಡೆಯವರ ಮಾತು ಬಂತು. ರಾಜಕಾರಣದ ನಡುವೆಯೂ ಕಾಡುಪ್ರಾಣಿಗಳ ಕಪ್ಪು ಬಿಳುಪು ಚಿತ್ರ ತೆಗೆದು ಹೊರದೇಶಗಳಲ್ಲೂ ಹೆಸರಾದವರು ಅವರು. ಪ್ರಾಣಿ ತಾನಾಗಿ ಬರುವವರೆಗೆ ಅಲುಗಾಡದೆ ಕೂರುವ ತಾಳ್ಮೆ ಇಲ್ಲದೆ ಅಂಥ ಚಿತ್ರ ಬರುವುದಿಲ್ಲ ಎಂದು ಗುರುಗಳು ಹೇಳಿದರು. ಒಪ್ಪತಕ್ಕ ಮಾತು. ನನ್ನ ತಕರಾರು ಶುರುವಾಗುವುದು ಇಲ್ಲಿಂದಲೇ. ಹಕ್ಕಿಗೂ ಕರಡಿಗೂ ಕೊಡುವ ಈ ತಾಳ್ಮೆಯನ್ನು ಮನುಷ್ಯರ ಮುಂದೆ ಯಾಕೆ ಕೊಡುವುದಿಲ್ಲ?

ಮಸ್ಕಿಯ ಗುಡ್ಡದ ಹತ್ತಿರ ಬೆಳಿಗ್ಗೆ ಒಬ್ಬ ಕುರುಬ ತನ್ನ ಹಿಂಡು ಹೊಡೆದುಕೊಂಡು ಬಂದ. ಬಂಡೆಗಳ ಚಿತ್ರ ಕೆಡುತ್ತದೆಂದು ಅವನನ್ನು ಆಚೆ ಸರಿಯಲು ಹೇಳಿದರು. ಸಂಜೆ ಕೆಂಪು ಬೆಳಕಿನಲ್ಲಿ ಧೂಳೆಬ್ಬಿಸಿಕೊಂಡು ಬರುವ ಕುರಿಗಳು ಬೇಕೆನಿಸಿ ಅದೇ ಮನುಷ್ಯನನ್ನು ಕರೆದರು. ಅವನು ಕಂಬಳಿ ಹೆಗಲಿಗೇರಿಸಿ, "ಮುಂಜಾನಿ ಸರಿ ಅಂದ್ರಿ, ಸಂಜಿಗಿ ಬಾ ಅಂತೀರಿ. ನಿಮ್ಮ ಮಾತು ಕುರಿ ಕೇಳ್ತಾವೇನ್ರಿ?" ಎಂದ. ಎಲ್ಲರೂ ನಕ್ಕರು. ನನಗೆ ಅದು ಆ ಮೂರು ದಿನಗಳಲ್ಲೇ ಒಳ್ಳೆಯ ವಿಮರ್ಶೆ ಎನ್ನಿಸಿತು. ನಿರ್ಜನವೆಂಬುದು ಅಲ್ಲಿ ಇದ್ದದ್ದಲ್ಲ, ಜನರನ್ನು ಆಚೆ ಕಳಿಸಿ ಮಾಡಿಕೊಂಡದ್ದು.

ಕೃಷ್ಣೆ ತುಂಗಭದ್ರೆಯರ ನಡುವಿನ ಈ ನೆಲ ಎಂದೂ ಬರಿದಾಗಿರಲಿಲ್ಲ. ಲಿಂಗಸುಗೂರು ತಾಲೂಕಿನ ಪಿಕಳಿಹಾಳದಲ್ಲಿ 1952ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಉತ್ಖನನ ನಡೆಸಿದರು. ಸಾವಿರಾರು ವರ್ಷಗಳ ಹಿಂದೆ ದನ ಮೇಯಿಸುತ್ತಿದ್ದವರ ನೆಲೆ ಅದು. ಅಲ್ಲಿನ ಬಂಡೆಗಳ ಮೇಲೆ ಉದ್ದ ಕೊಂಬಿನ, ಇಣಿಯುಳ್ಳ ಗೂಳಿಗಳನ್ನು ಕುಟ್ಟಿ ಮೂಡಿಸಿದ್ದಾರೆ. ಹಿಂಡಿನೊಡನೆ ಬಂದ ಆ ಕುರುಬ ಈ ಬೆಟ್ಟಗಳ ಹಳೆಯ ಒಕ್ಕಲು. ಅವನನ್ನು ಬಿಟ್ಟು ತೆಗೆದ ಬಂಡೆಯ ಚಿತ್ರವೇ ಅರ್ಧ ಚಿತ್ರ.

ಮರುದಿನ ದಾರಿಯಲ್ಲಿ ಗದ್ದೆಯ ಬಳಿ ವ್ಯಾನು ನಿಂತಿತು. ತುಂಗಭದ್ರಾ ಎಡದಂಡೆ ಕಾಲುವೆಗೆ ಆ ವರ್ಷ ಎರಡನೇ ಬೆಳೆಗೂ ನೀರು ಬಿಟ್ಟಿದ್ದರು. ಹೆಂಗಸರು ಸಾಲಾಗಿ ಬಗ್ಗಿ ನೆಲ್ಲು ಹಚ್ಚುತ್ತಿದ್ದರು. ನಮ್ಮವರು ಬದುವಿನ ಮೇಲೆ ಕೂತು ಉದ್ದ ಲೆನ್ಸಿನಲ್ಲಿ ಚಿತ್ರ ತೆಗೆಯತೊಡಗಿದರು. ನಾನು ಕೆಸರಿನ ಅಂಚಿಗೆ ಹೋಗಿ ಮಾತಾಡಿಸಿದೆ. ವಯಸ್ಸಾದ ಒಬ್ಬಾಕೆ ಸೊಂಟ ನೆಟ್ಟಗೆ ಮಾಡಿ ನಿಂತು, "ಯಾ ಊರಾಕಿ ಅದೀಯವ್ವಾ?" ಎಂದಳು. "ಇಲ್ಲೇ, ಸಿಂಧನೂರಾಕಿ ಯವ್ವಾ," ಎಂದೆ. "ಹಂಗಾದ್ರ ಹೊಡಿ ಫೋಟೊ. ಕೆಳಗ ಏನಂತ ಬರೀತಿ?" ಎಂದು ಕೇಳಿದಳು.

ಈ ಪ್ರಶ್ನೆಗೆ ನಮ್ಮ ಶಿಬಿರದ ಪಾಠಗಳಲ್ಲಿ ಎಲ್ಲಿಯೂ ಉತ್ತರವಿರಲಿಲ್ಲ. ಕೊನೆಯ ರಾತ್ರಿ ಲಿಂಗಸುಗೂರಿನ ಲಾಡ್ಜಿನ ಗೋಡೆಯ ಮೇಲೆ ಆಯ್ದ ನಲವತ್ತು ಚಿತ್ರ ತೋರಿಸಿದರು. ಒಂದೊಂದಕ್ಕೂ ಶೀರ್ಷಿಕೆಯಿತ್ತು. ಮುದಗಲ್ಲಿನ ಕೋಟೆಗೆ ಹೆಸರಿತ್ತು, ಮಸ್ಕಿಯ ಗುಡ್ಡಕ್ಕೆ ಹೆಸರಿತ್ತು, ಒಂದು ಹಕ್ಕಿಗೆ ಇಂಗ್ಲಿಷಿನಲ್ಲೂ ಲ್ಯಾಟಿನ್ನಿನಲ್ಲೂ ಹೆಸರಿತ್ತು. ಹೆಂಗಸರಿದ್ದ ಚಿತ್ರಗಳು ಹದಿನಾಲ್ಕು. ಅವುಗಳ ಕೆಳಗೆ 'ಶ್ರಮದ ಸೊಬಗು', 'ಹಳ್ಳಿಯ ಚೆಲುವೆ', 'ಕೆಸರಿನ ಕಮಲ'. ಒಬ್ಬಳಿಗೂ ಹೆಸರಿರಲಿಲ್ಲ. ಚಿತ್ರಗಳು ಕೆಟ್ಟವಾಗಿರಲಿಲ್ಲ. ಬೆಳಕು ಚೆನ್ನಾಗಿತ್ತು, ಸೀರೆಯ ಬಣ್ಣ ನೀರಿನಲ್ಲಿ ಚೆನ್ನಾಗಿ ಮೂಡಿತ್ತು. ಆದರೆ ಇಡೀ ದಿನ ಬಗ್ಗಿದವಳ ಬೆನ್ನುನೋವು ಆ ಸೊಬಗಿನಲ್ಲಿ ಎಲ್ಲಿಯೂ ಇರಲಿಲ್ಲ.

ಇದು ಮಸ್ಕಿಯನ್ನು ನೋಡಿ ಬಂದವರು ಮಾಡಬಹುದಾದ ಕೆಲಸವೇ? ಮಸ್ಕಿ ಲೋಕದಲ್ಲಿ ಹೆಸರಾದದ್ದೇ ಒಂದು ಹೆಸರಿನಿಂದ. 1837ರಲ್ಲಿ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ಸಿಕ್ಕಿದ್ದು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳು. ಆ ರಾಜ ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿದ್ದರು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಶಾಸನವನ್ನು ಕಂಡ ಮೇಲೆ, ಬಿರುದಿನ ಪಕ್ಕದಲ್ಲೇ 'ಅಶೋಕ' ಎಂಬ ಹೆಸರು ಮೊದಲ ಬಾರಿಗೆ ಕಲ್ಲಿನ ಮೇಲೆ ಓದಲು ಸಿಕ್ಕಿತು. ಬಿರುದು ಯಾರಿಗೂ ಹೊಂದಬಹುದು, ಹೆಸರು ಒಬ್ಬನನ್ನೇ ಹಿಡಿದು ತೋರಿಸುತ್ತದೆ. 'ಹಳ್ಳಿಯ ಚೆಲುವೆ' ಎಂಬುದೂ ಒಂದು ಬಿರುದೇ. ರಾಜನ ಹೆಸರಿಗಾಗಿ ವಿದ್ವಾಂಸರು ಎಪ್ಪತ್ತೆಂಟು ವರ್ಷ ಕಾದರು. ನೆಲ್ಲು ಹಚ್ಚುವವಳ ಹೆಸರು ಕೇಳಲು ನಮಗೆ ಒಂದು ನಿಮಿಷವಿರಲಿಲ್ಲ.

ಹೆಣ್ಣನ್ನು ಕೇಳದೆ ಅವಳ ಚೆಲುವನ್ನು ಹೊತ್ತು ತಿರುಗುವುದು ಹಳೆಯ ಕಥೆಯೇ. ಮುದಗಲ್ಲಿನ ಅಕ್ಕಸಾಲಿಗನ ಮಗಳ ಪ್ರಸಂಗ ಫಿರಿಶ್ತಾ ಬರೆದ ಚರಿತ್ರೆಯಲ್ಲಿ ಬರುತ್ತದೆ. ಯಾರೋ ಅವಳ ರೂಪವನ್ನು ವಿಜಯನಗರದ ದೊರೆಯ ಮುಂದೆ ವರ್ಣಿಸಿದರು. ದೊರೆ ಒಡವೆ ಕಳಿಸಿದ. ಅವಳು ಒಲ್ಲೆ ಎಂದಳು. ಆಮೇಲೆ ದಂಡು ಬಂತು, 1406ರಲ್ಲಿ ಬಹಮನಿ ಸುಲ್ತಾನನೊಡನೆ ಯುದ್ಧವೇ ನಡೆಯಿತು. ಕಥೆ ಎಷ್ಟು ನಿಜವೋ ಚರಿತ್ರಕಾರರು ಹೇಳಲಿ. ಅದರಲ್ಲಿ ನನಗೆ ಮುಖ್ಯವಾದದ್ದು ಅವಳ 'ಒಲ್ಲೆ' ಎಂಬ ಮಾತು. ನಮ್ಮ ಉದ್ದ ಲೆನ್ಸು ಆ ಮಾತು ಹೇಳಲು ಎಡೆಯನ್ನೇ ಕೊಡುವುದಿಲ್ಲ. ಚಿತ್ರ ತೆಗೆದದ್ದು ಗೊತ್ತಾದರೆ ತಾನೇ ಒಲ್ಲೆ ಎನ್ನುವುದು?

ಹಿಂದಿನವರು ಈ ಬಗ್ಗೆ ಯೋಚಿಸಿರಲಿಲ್ಲ ಎನ್ನುವಂತಿಲ್ಲ. 1956ರವರೆಗೆ ನಮ್ಮ ರಾಯಚೂರು ಸೇರಿದ್ದ ಹೈದರಾಬಾದಿನಲ್ಲಿ, ನಿಜಾಮರ ಛಾಯಾಗ್ರಾಹಕ ಲಾಲಾ ದೀನ್ ದಯಾಳ್ 1892ರಲ್ಲೇ ಹೆಂಗಸರಿಗೆಂದು ಬೇರೆ ಸ್ಟುಡಿಯೊ ತೆರೆದಿದ್ದರು. ಅಲ್ಲಿ ಚಿತ್ರ ತೆಗೆಯುವವರೂ ಹೆಂಗಸರೇ. ಅದು ಪರದೆಯ ಕಾಲದ ಏರ್ಪಾಡು, ಉಳ್ಳವರ ಮನೆಯವರಿಗೆ ಮಾತ್ರ ಸಿಕ್ಕಿದ್ದು, ನಿಜ. ಆದರೂ ಅಲ್ಲಿಗೆ ಹೋದವಳು ತಾನಾಗಿ ಹೋಗಿ ಕ್ಯಾಮೆರಾದ ಮುಂದೆ ಕೂರುತ್ತಿದ್ದಳು.

ನಾನು ಈ ಮಾತೆತ್ತಿದಾಗ ಗುರುಗಳು ಹೇಳಿದ್ದು, ಕೇಳಿ ತೆಗೆದರೆ ಸಹಜತೆ ಹೋಗುತ್ತದೆ, ಎಲ್ಲರೂ ಸೆರಗು ಸರಿಮಾಡಿಕೊಂಡು ಗೊಂಬೆಯ ಹಾಗೆ ನಿಲ್ಲುತ್ತಾರೆ ಎಂದು. ಮೊದಲ ಚಿತ್ರಕ್ಕೆ ಈ ಮಾತು ಸರಿಯೇ. ನಾನು ಮಾತಾಡಿಸಿದ ಆ ತಾಯಿಯೂ ಮೊದಲು ಬಿಗಿಯಾಗಿಯೇ ನಿಂತಳು. ಎರಡನೆಯದರಲ್ಲಿ ನಕ್ಕಳು. ಆಮೇಲೆ ನನ್ನನ್ನು ಮರೆತು ಪಕ್ಕದವಳೊಡನೆ ಕೂಲಿಯ ಲೆಕ್ಕ ಮಾತಾಡುತ್ತ ಬಗ್ಗಿದಳು. ಐದನೆಯ ಚಿತ್ರದ ಸಹಜತೆ ಬದುವಿನಿಂದ ತೆಗೆದವರಿಗೆ ಸಿಗಲಿಲ್ಲ. ಜಾತ್ರೆಯ ಗುಂಪಿನಲ್ಲಿ ಪ್ರತಿಯೊಬ್ಬರನ್ನೂ ಕೇಳಲಾಗದು, ಒಪ್ಪುತ್ತೇನೆ. ಆದರೆ ಒಂದು ಮುಖವೇ ಚಿತ್ರವಾಗುವಾಗ ಆ ಮುಖದವರನ್ನು ಕೇಳದಿರಲು ಯಾವ ಕಾರಣವೂ ಇಲ್ಲ.

ಈಗ ನಮ್ಮಲ್ಲಿ ಬಹಳ ಜನ ಹೆಂಗಸರ ಕೈಯಲ್ಲಿ ಕ್ಯಾಮೆರಾ ಇರುವ ಮೊಬೈಲಿದೆ. ಇಂಥ ಶಿಬಿರಕ್ಕೆ ಹೋಗಬೇಡಿ ಎಂದು ನಾನು ಹೇಳಲಾರೆ. ಹೋಗಿ, ಬೆಳಕನ್ನು ಕಲಿಯಿರಿ, ಕಾಯುವುದನ್ನು ಕಲಿಯಿರಿ. ಜೊತೆಗೆ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಯಾರು, ಯಾವ ಊರು, ಯಾವ ದಿನ, ಏನು ಕೆಲಸ ಮಾಡುತ್ತಿದ್ದರು, ಅಷ್ಟು ಬರೆದುಕೊಳ್ಳಿ. ಹೆಸರು ಬೇಡ ಎಂದವರ ಹೆಸರು ಬಿಡಿ, ಚಿತ್ರವೇ ಬೇಡ ಎಂದವರ ಚಿತ್ರ ಬಿಡಿ. ತೆಗೆದದ್ದರಲ್ಲಿ ಒಂದು ಪ್ರತಿಯನ್ನು ತೊಳೆಸಿ ಅವರಿಗೆ ತಲುಪಿಸಿ. ಲೆನ್ಸು ಕೊಳ್ಳುವ ಖರ್ಚಿನ ಮುಂದೆ ಇದು ಯಾವ ಲೆಕ್ಕಕ್ಕೂ ಬಾರದು.

ಮುಂದಿನ ಸಲ ಯಾರಾದರೂ ತಮ್ಮ ಪ್ರವಾಸದ ಚಿತ್ರಗಳನ್ನು ನಿಮಗೆ ತೋರಿಸಿದರೆ, ಚೆನ್ನಾಗಿದೆ ಎನ್ನುವ ಮೊದಲು ಒಂದು ಮಾತು ಕೇಳಿ: "ಇವರ ಹೆಸರೇನು?"